ಪುಷ್ಪಕ್ ಇಳಿಕೆ ಪ್ರಯೋಗಗಳು, ಕುದಾಪುರ ಪ್ರದೇಶ

ಇಸ್ರೊದ ರೆಕ್ಕೆಯುಳ್ಳ ಮರುಬಳಕೆ ವಾಹನ ಪುಷ್ಪಕ್‌ನ ಮೂರು ಇಳಿಕೆ ಪ್ರಯೋಗಗಳು. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಲ ಅಮೃತ್ ಮಹಲ್ ಕಾವಲುಗಳಲ್ಲಿ ಎದ್ದ ವಿಜ್ಞಾನ ನೆಲೆಗಳ ಪೈಕಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ನಡೆದವು. ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟ ವಾಹನ ತಾನೇ ದಾರಿ ಹಿಡಿದು ರನ್‌ವೇಗೆ ಬಂತು. ಮೂರನೆಯ ಸಲ ಅದನ್ನು ಬೇಕೆಂದೇ 500 ಮೀ. ಪಕ್ಕಕ್ಕೆ ಬಿಡಲಾಗಿತ್ತು. ನೆಲ ಮುಟ್ಟಿದಾಗಿನ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು, ಪ್ರಯಾಣಿಕ ವಿಮಾನದ್ದು 260ರ ಆಸುಪಾಸು. ಪ್ಯಾರಾಚೂಟು ವಾಹನದ ವೇಗವನ್ನು 100ರ ಹತ್ತಿರಕ್ಕೆ ಇಳಿಸಿದ ಮೇಲೆ ಗಾಲಿಯ ಬ್ರೇಕುಗಳು ಹಿಡಿದವು.

ಒಳಗೆ ಮನುಷ್ಯರಿರಲಿಲ್ಲ. ಆದರೂ ಇಲ್ಲಿ ಪರೀಕ್ಷಿಸಿದ್ದು ವೇಗದ ಮಾನವಯಾನದ ಕಷ್ಟದ ಕೊನೆಯ ತುಣುಕನ್ನೇ: ಗಳಿಸಿದ ವೇಗವನ್ನು ಕಳೆಯುವುದು. ಏಕಪ್ರಕಾರದ ವೇಗ ದೇಹಕ್ಕೆ ತಿಳಿಯುವುದೇ ಇಲ್ಲ. 1969ರಲ್ಲಿ ಅಪೊಲೊ 10ರ ಯಾತ್ರಿಗಳು ಗಂಟೆಗೆ 39,897 ಕಿ.ಮೀ. ವೇಗ ಮುಟ್ಟಿ ಕ್ಷೇಮವಾಗಿ ಮರಳಿದರು. ಬಾಧಿಸುವುದು ವೇಗದ ಬದಲಾವಣೆ. ಕೆಳಕಕ್ಷೆಯ ವೇಗ ಸೆಕೆಂಡಿಗೆ ಸುಮಾರು 7.8 ಕಿ.ಮೀ. ಅದನ್ನು ಗುರುತ್ವದ ಮೂರು ಪಟ್ಟು ಒತ್ತಡದಲ್ಲಿ ಕಳೆಯಲು ನಾಲ್ಕೂವರೆ ನಿಮಿಷ ಬೇಕು, ಅಷ್ಟೂ ಶಕ್ತಿ ತಾಪವಾಗುತ್ತದೆ.

ಬದಲಾವಣೆ ನಿಧಾನವಾಗಿದ್ದರೆ ದೇಹ ಇನ್ನೂ ದೊಡ್ಡ ವೇಗವನ್ನೂ ತಾಳೀತು: ಗುರುತ್ವದಷ್ಟೇ ಹದವಾದ ವೇಗೋತ್ಕರ್ಷದಲ್ಲಿ 35 ದಿನ ಸಾಗಿದರೆ ಬೆಳಕಿನ ವೇಗದ ಹತ್ತನೇ ಒಂದು ಭಾಗ ಸಿಗುತ್ತದೆ. ಲೆಕ್ಕ ಸುಲಭ, ಆದರೆ ಅಷ್ಟು ದಿನ ಉರಿಯುವ ಇಂಧನವನ್ನು ಹೊರುವ ರಾಕೆಟ್ಟು ಇಲ್ಲ. ಆ ವೇಗದಲ್ಲಿ ಧೂಳಿನ ಕಣವೂ ಸಿಡಿಗುಂಡು.

ಮತ್ತೆ ಕುದಾಪುರಕ್ಕೆ ಬಂದರೆ, ಕಾವಲಿನ ಪ್ರಯೋಗಗಳಲ್ಲಿ ವಾತಾವರಣಕ್ಕೆ ಮರುಪ್ರವೇಶದ ತಾಪದ ಪರೀಕ್ಷೆ ಸೇರಿರಲಿಲ್ಲ. ಇಸ್ರೊದ ಮಾನವಯಾನ ಯೋಜನೆಯಾದ ಗಗನಯಾನದ ಕೋಶ ಸಮುದ್ರಕ್ಕಿಳಿಯುವಂಥದ್ದು, ಅದಕ್ಕೆ ರನ್‌ವೇ ಬೇಡ.