ಪತ್ರದ ಹೆಸರು, ಮನೆಯ ದುಡಿಮೆ: ಹಿಂದೂ ವಿಚ್ಛೇದನದಲ್ಲಿ ಸ್ವತ್ತಿನ ಪ್ರಶ್ನೆ

ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಸಿಗುತ್ತದೆಂಬ ನಂಬಿಕೆ ಜನಸಾಮಾನ್ಯರಲ್ಲಿ ಬಲವಾಗಿದ್ದರೂ, 1955ರ ಹಿಂದೂ ವಿವಾಹ ಅಧಿನಿಯಮದಲ್ಲಿ ಅದಕ್ಕೆ ಆಧಾರವಿಲ್ಲ. ಒಟ್ಟಿಗೆ ಬಾಳಿದ ಅವಧಿಯಲ್ಲಿ ಕೂಡಿಬಂದದ್ದೆಲ್ಲ ಇಬ್ಬರದೂ ಎಂದು ಎಣಿಸುವ ‘ದಾಂಪತ್ಯ ಸ್ವತ್ತು’ ಎಂಬ ಪರಿಕಲ್ಪನೆಯನ್ನು ಈ ಅಧಿನಿಯಮ ಒಪ್ಪಿಕೊಂಡಿಲ್ಲವಾದ್ದರಿಂದ, ಸಾಮಾನ್ಯವಾಗಿ ಕ್ರಯಪತ್ರದಲ್ಲಿ ಹೆಸರಿದ್ದವರೇ ಒಡೆಯರು. ಹೆಂಡತಿಗೆ ಉಳಿಯುವುದು ಸ್ತ್ರೀಧನ ಮತ್ತು ಜೀವನಾಂಶ. ಪಾಲು ಹಕ್ಕಿನಿಂದ ಬರುವಂಥದು, ಜೀವನಾಂಶ ಅಗತ್ಯವನ್ನೂ ಎದುರು ಪಕ್ಷದ ಶಕ್ತಿಯನ್ನೂ ತೂಗಿ ಕೊಡುವಂಥದು. ಈ ವ್ಯತ್ಯಾಸವೇ ಇಲ್ಲಿನ ಚರ್ಚೆಯ ತಿರುಳು.

ಸ್ತ್ರೀಧನದ ವಿಚಾರಕ್ಕೆ ಕನ್ನಡ ನಾಡಿನೊಂದಿಗೆ ಹಳೆಯ ನಂಟಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬಾಳಿದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ, ತಂದೆತಾಯಿ, ಗಂಡ, ಸಹೋದರರು ಕೊಟ್ಟದ್ದನ್ನೂ ವಿವಾಹಾಗ್ನಿಯ ಮುಂದೆ ದೊರೆತದ್ದನ್ನೂ ಎಣಿಸಿದ ಸ್ಮೃತಿಕಾರನು ಕೊನೆಗೆ ಸೇರಿಸಿದ ‘ಮೊದಲಾದವು’ ಎಂಬರ್ಥದ ಪದವನ್ನು ಹಿಡಿದು, ಉತ್ತರಾಧಿಕಾರ, ಕ್ರಯ, ವಿಭಾಗಗಳಿಂದ ಬಂದದ್ದೂ ಸ್ತ್ರೀಧನವೇ ಎಂದು ಅರ್ಥೈಸಿದನು. ಅವನ ದೃಷ್ಟಿಯಲ್ಲಿ ಅದು ಪಾರಿಭಾಷಿಕ ಪದವಾಗಿರದೆ, ಹೆಣ್ಣಿನ ಧನ ಎಂಬ ನೇರ ಅರ್ಥದ ಮಾತಾಗಿತ್ತು. ಎಂಟು ಶತಮಾನಗಳ ಬಳಿಕ ಬ್ರಿಟಿಷರ ಪ್ರಿವಿ ಕೌನ್ಸಿಲ್ ಈ ವಿಶಾಲಾರ್ಥವನ್ನು ಮೊಟಕುಗೊಳಿಸಿ, ಪಿತ್ರಾರ್ಜಿತವಾಗಿಯೋ ವಿಭಾಗದಲ್ಲಿಯೋ ಹೆಣ್ಣಿಗೆ ಬಂದದ್ದನ್ನು ಬಹುಮಟ್ಟಿಗೆ ಸೀಮಿತ ಹಕ್ಕಿಗೆ ಇಳಿಸಿದ್ದು ವಿಷಾದದ ಸಂಗತಿ. ಮೈಸೂರು ಸಂಸ್ಥಾನವು 1933ರ ಮಹಿಳಾ ಹಕ್ಕುಗಳ ಕಾಯಿದೆಯ ಮೂಲಕ ಕಳೆದುಹೋದದ್ದರಲ್ಲಿ ಒಂದಂಶವನ್ನು ಮರಳಿಸಲು ಯತ್ನಿಸಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೇ ಪ್ರಕರಣ ಹೆಣ್ಣನ್ನು ಅಂಥ ಸ್ವತ್ತಿಗೆ ಪೂರ್ಣ ಒಡತಿಯನ್ನಾಗಿಸಿತು.

ಸ್ತ್ರೀಧನವು ದಂಪತಿಯ ಜಂಟಿ ಸ್ವತ್ತಲ್ಲ, ಗಂಡನ ಮನೆಯವರು ಅದನ್ನು ಇಟ್ಟುಕೊಂಡಿದ್ದರೆ ನಂಬಿಕೆಯ ಮೇಲೆ ಇಟ್ಟುಕೊಂಡವರಷ್ಟೇ ಎಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಸ್ಪಷ್ಟಪಡಿಸಿತು. ತೊಡಕಿರುವುದು ಪುರಾವೆಯಲ್ಲಿ. ತವರಿನವರು ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟ ಜಮೀನಿಗೆ ನೋಂದಾಯಿತ ದಾನಪತ್ರವಿರುತ್ತದೆ. ಎರಡೆಳೆ ಸರ, ಓಲೆ, ಬಳೆ, ಬೆಳ್ಳಿಯ ದೀಪಗಳಿಗೆ ಅಕ್ಕಸಾಲಿಗನ ಚೀಟಿಯೂ ಉಳಿದಿರುವುದಿಲ್ಲ. ಹೀಗಾಗಿ ಮದುವೆಯ ಫೋಟೋದಲ್ಲಿ ಕೊರಳಲ್ಲಿ ಕಂಡ ಸರವನ್ನು ಹೆಂಡತಿ ಕೊಟ್ಟ ಒಡವೆಗಳ ಪಟ್ಟಿಯ ಸರದೊಂದಿಗೆ ಹೋಲಿಸಿ ತೂಕವನ್ನು ವಾದಿಸುವ ಪರಿಸ್ಥಿತಿ ಬರುತ್ತದೆ.

ವಿವಾಹ ಅಧಿನಿಯಮದ 27ನೇ ಪ್ರಕರಣ ಸ್ವತ್ತಿನ ಬಗ್ಗೆ ಮಾತಾಡುವುದು ನಿಜವಾದರೂ, ಅದರ ವ್ಯಾಪ್ತಿ ಮದುವೆಯ ವೇಳೆ ಅಥವಾ ಅದರ ಆಸುಪಾಸಿನಲ್ಲಿ ಕೊಟ್ಟ, ಇಬ್ಬರಿಗೂ ಸೇರಿರಬಹುದಾದ ಸ್ವತ್ತಿಗೆ ಸೀಮಿತ. ಮದುವೆಯಾದ ಹತ್ತು ವರ್ಷಕ್ಕೆ ಕಟ್ಟಿದ ಮನೆ ಅದರೊಳಗೆ ಸುಲಭವಾಗಿ ಬರುವುದಿಲ್ಲ. ಗಂಡಹೆಂಡಿರಿಬ್ಬರೂ ಸಂಬಳ ತರುವ ಮನೆಯೊಂದರಲ್ಲಿ ಗೃಹಸಾಲದ ಕಂತು ಗಂಡನ ಖಾತೆಯಿಂದ ಕಡಿತವಾಗುತ್ತ, ದಿನಸಿ, ಮಕ್ಕಳ ಶಾಲೆಯ ಶುಲ್ಕ, ಅತ್ತೆಯ ಔಷಧಿಗಳು ಹೆಂಡತಿಯ ಸಂಬಳದಿಂದ ಸಾಗುತ್ತವೆ ಎಂದುಕೊಳ್ಳೋಣ. ಇಪ್ಪತ್ತು ವರ್ಷದ ಬಳಿಕ ಗಂಡನ ಪಾಸ್‌ಪುಸ್ತಕ ಮನೆಯೊಂದನ್ನು ತೋರಿಸಿದರೆ, ಹೆಂಡತಿಯದು ಖರ್ಚನ್ನು ಮಾತ್ರ ತೋರಿಸುತ್ತದೆ. ಆ ಖರ್ಚನ್ನು ಅವಳು ಹೊರದಿದ್ದರೆ ಕಂತು ಕಟ್ಟಲಾಗುತ್ತಿರಲಿಲ್ಲ ಎಂಬುದು ಲೆಕ್ಕದಲ್ಲಿ ನಿಜ, ಕ್ರಯಪತ್ರದಲ್ಲಿ ಅದೃಶ್ಯ. ಸಂಬಳವಿಲ್ಲದ ಗೃಹಿಣಿಯ ಕೈಯಲ್ಲಂತೂ ಅಷ್ಟು ಕಾಗದವೂ ಇರುವುದಿಲ್ಲ.

ಇಬ್ಬರೂ ಆಸ್ತಿ ಹಾಗೂ ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರ ನವೆಂಬರಿನಲ್ಲಿ ವಿಧಿಸಿ, ಕೃಷಿಕರಿಗೆ ಬೇರೆಯದೇ ನಮೂನೆಯನ್ನು ಕೊಟ್ಟಿದ್ದು ಸ್ವಾಗತಾರ್ಹ ಹೆಜ್ಜೆ. ಆದರೂ ಅವಿಭಕ್ತ ಕುಟುಂಬದ ಜಮೀನಿನ ಪಹಣಿಯಲ್ಲಿ ಮಾವನ ಹೆಸರೊಂದೇ ಇದ್ದಾಗ, ಆ ಹೊಲದಲ್ಲೇ ದುಡಿಯುವ ಗಂಡ ತನಗೆ ಗುಂಟೆ ಜಮೀನೂ ಇಲ್ಲವೆಂದು ಬರೆದುಕೊಡಬಲ್ಲನು. ಈ ವಿವರಗಳ ಉದ್ದೇಶವೂ ಜೀವನಾಂಶದ ನಿಗದಿಯೇ. ವಿವಾಹ ಅಧಿನಿಯಮದ 25ನೇ ಪ್ರಕರಣದಡಿ ಶಾಶ್ವತ ಜೀವನಾಂಶವನ್ನು ಒಂದೇ ಗಂಟಾಗಿಯೋ ಕಾಲಕಾಲಕ್ಕೋ ಕೊಡಿಸಬಹುದಾಗಿದ್ದು, ಗಂಡನ ಸಂಪತ್ತಿಗೆ ಸರಿದೂಗಿಸುವುದು ಅದರ ಗುರಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಹೇಳಿದೆ. ಜೀವನಾಂಶದ ತರ್ಕಕ್ಕೆ ಆ ಮಾತು ಒಪ್ಪುತ್ತದೆ. ಪಾಲಿನ ಕೊರತೆಯನ್ನು ಜೀವನಾಂಶ ತುಂಬಲಾರದೆಂಬುದನ್ನೂ ಅದೇ ಮಾತು ತೋರಿಸಿಕೊಡುತ್ತದೆ.

ಬೇರೆ ದಾರಿ ದೂರದಲ್ಲಿಲ್ಲ. ಕಾರವಾರದ ಗಡಿ ದಾಟಿದರೆ ಗೋವಾದಲ್ಲಿ, 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯಿಂದ ಬಂದ ಪದ್ಧತಿಯಂತೆ, ಮದುವೆಗೆ ಮುನ್ನ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ದಂಪತಿಯ ಸ್ವತ್ತು ಸಾಮಾನ್ಯವಾಗಿ ಇಬ್ಬರಿಗೂ ಸಮನಾಗಿ ಸೇರುತ್ತದೆ. ಗಂಡನ ಸ್ಥಿರಾಸ್ತಿಯಿಂದ ಹೆಂಡತಿಗೆ ಪರಿಹಾರ ಕೊಡಿಸುವ ಪ್ರಸ್ತಾವವಿದ್ದ ತಿದ್ದುಪಡಿ ಮಸೂದೆಯೊಂದು 2013ರಲ್ಲಿ ರಾಜ್ಯಸಭೆಯ ಅಂಗೀಕಾರ ಪಡೆದರೂ ಕಾನೂನಾಗಲಿಲ್ಲ. ಗಂಡ ಹೊರದೇಶದಲ್ಲಿ ದುಡಿದು ಕಳಿಸಿದ ಹಣದಿಂದ ಕೊಂಡ ಸ್ವತ್ತಿನಲ್ಲಿ, ಮನೆ ನಡೆಸಿದ ಹೆಂಡತಿಗೂ ಸಮಪಾಲುಂಟೆಂದು ಮದ್ರಾಸ್ ಉಚ್ಚ ನ್ಯಾಯಾಲಯ 2023ರಲ್ಲಿ ತೀರ್ಪಿತ್ತಿತು. ಆ ತೀರ್ಪು ಕರ್ನಾಟಕದ ಕೌಟುಂಬಿಕ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಮಾರ್ಗದರ್ಶಕವಾಗಬಹುದು ಅಷ್ಟೆ.

ಸಮಪಾಲಿನ ಈ ತತ್ತ್ವವನ್ನು ಶಾಸನವಾಗಿಸುವವರು ಪಿತ್ರಾರ್ಜಿತವನ್ನು ಸ್ವಯಾರ್ಜಿತದಿಂದ ಬೇರ್ಪಡಿಸುವ ಬಗೆಯನ್ನೂ, ದಂಪತಿ ಬೇರೆಯಾದ ದಿನದ ಬೆಲೆಯೋ ತೀರ್ಪಿನ ದಿನದ ಬೆಲೆಯೋ ಎಂಬುದನ್ನೂ ಮೊದಲೇ ಗೊತ್ತುಮಾಡಬೇಕಾಗುತ್ತದೆ. ಸ್ವತ್ತು ಪಾಲಾಗುವಲ್ಲಿ ಸಾಲವೂ ಪಾಲಾಗುವುದು ಸಹಜವಾದ್ದರಿಂದ, ಮನೆಗಾಗಿ ಮಾಡಿದ ಸಾಲವನ್ನು ಇಬ್ಬರ ಮೇಲೂ ಹೊರಿಸಿ, ಗಂಡ ಹೆಂಡತಿಗೆ ತಿಳಿಯದಂತೆ ಸ್ವಂತಕ್ಕೆ ಎತ್ತಿದ ಕೈಸಾಲದಿಂದ ಅವಳನ್ನು ಹೊರಗಿಡುವ ನಿಯಮವೂ ಅದರಲ್ಲಿರಬೇಕು.