ಮಂಗಳೂರನ್ನು ನಡೆದು ನೋಡಿ

ಬೇಸಿಗೆಯ ರಜೆ ಬಂದಿತೆಂದರೆ ಬಯಲುಸೀಮೆಯ ಮತ್ತು ಮಲೆನಾಡಿನ ನಮ್ಮ ಧರ್ಮಕೇಂದ್ರಗಳಿಂದ ಅನೇಕ ಕುಟುಂಬಗಳು ಘಟ್ಟ ಇಳಿದು ಮಂಗಳೂರಿಗೆ ಹೊರಡುತ್ತವೆ. ಪಣಂಬೂರಿನ ಕಡಲ ತೀರದಲ್ಲಿ ಮಕ್ಕಳು ಅಲೆಗಳೊಡನೆ ಆಡುತ್ತಾರೆ. ಮಧ್ಯಾಹ್ನ ಮೀನಿನ ಊಟ, ಸಂಜೆ ಗಡ್‌ಬಡ್ ಐಸ್‌ಕ್ರೀಂ, ಮೊಬೈಲಿನಲ್ಲಿ ಹತ್ತಾರು ಚಿತ್ರಗಳು. ಮರುದಿನ ಹಿಂದಿರುಗುವ ಬಸ್ಸು. ಇದೂ ಸಂತೋಷವೇ, ಬೇಡವೆನ್ನುವುದಿಲ್ಲ. ಆದರೆ ಪ್ರಿಯ ವಾಚಕರೇ, ಕಡಲು ಎಲ್ಲ ತೀರಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಊರುಗಳು ಹಾಗಲ್ಲ. ಒಂದು ಊರಿನ ಚೆಲುವನ್ನು ಸವಿಯಬೇಕಾದರೆ ಅದನ್ನು ಯಾರು ಕಟ್ಟಿದರು, ಯಾವ ಕಷ್ಟದ ನಡುವೆ ಕಟ್ಟಿದರು ಎಂಬುದನ್ನು ಸ್ವಲ್ಪವಾದರೂ ತಿಳಿದಿರಬೇಕು. ಮುಂದಿನ ಬಾರಿ ಹೋದಾಗ ಒಂದು ದಿನವನ್ನು ಹಳೆಯ ಮಂಗಳೂರಿಗಾಗಿ ಮೀಸಲಿಡಿ. ಸಾಧ್ಯವಾದಷ್ಟೂ ನಡೆದೇ ನೋಡಿ. ಆ ನಡಿಗೆಗೆ ಜೊತೆಯಾಗಲೆಂದು ಈ ಲೇಖನ.

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವ ಅಳಿವೆಯ ಬಳಿ, ಮುರಕಲ್ಲಿನ ಗುಡ್ಡಗಳ ಮೇಲೂ ಇಳಿಜಾರುಗಳಲ್ಲೂ ಹರಡಿಕೊಂಡಿರುವ ಊರು ಇದು. ಮಂಗಳಾದೇವಿಯ ದೇವಸ್ಥಾನದಿಂದ ಮಂಗಳೂರೆಂಬ ಹೆಸರು ಬಂದಿತೆನ್ನುತ್ತಾರೆ. ತುಳುವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಒಂದೇ ಊರನ್ನು ನಾಲ್ಕು ಭಾಷೆಯವರು ನಾಲ್ಕು ಹೆಸರುಗಳಿಂದ ಕರೆಯುತ್ತಾ ಬಂದಿದ್ದಾರೆ. ಈ ಊರಿನ ಸ್ವಭಾವವನ್ನು ತಿಳಿಯಲು ಇದೇ ಮೊದಲ ಪಾಠ.

ನಡಿಗೆಯನ್ನು ಬೆಳಗಿನ ಜಾವ ಬಂದರಿನಿಂದ ಆರಂಭಿಸಿ. ಮೀನುಗಾರಿಕೆಯ ದಕ್ಕೆಯಲ್ಲಿ ಬಂಗುಡೆ, ಬೂತಾಯಿ, ಅಂಜಲ್ ಮೀನುಗಳ ಬುಟ್ಟಿಗಳು ಇಳಿಯುತ್ತಿರುತ್ತವೆ. ಹರಾಜಿನ ಕೂಗು ಕಿವಿಗೆ ಬೀಳುತ್ತದೆ. ಈ ಗದ್ದಲ ನಿನ್ನೆ ಮೊನ್ನೆಯದಲ್ಲ. ಹನ್ನೆರಡನೆಯ ಶತಮಾನದಲ್ಲಿ, 1132ರಿಂದ 1149ರವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಇಲ್ಲಿ ನೆಲೆಸಿದ್ದನು. ಆಫ್ರಿಕದ ಉತ್ತರ ತೀರದ ಟುನೀಸಿಯದಿಂದ ಬಂದ ಅವನು ಇಲ್ಲಿ ಕಂಚಿನ ಪಾತ್ರೆಗಳ ಕಾರ್ಯಾಗಾರವನ್ನು ನಡೆಸಿದನು. ಇಲ್ಲಿಯ ಆಶು ಎಂಬ ಸ್ತ್ರೀಯನ್ನು ಮದುವೆಯಾದನು. ಬೊಮ್ಮ ಎಂಬ ತುಳುನಾಡಿನ ಸೇವಕನನ್ನು ವ್ಯಾಪಾರಕ್ಕಾಗಿ ಏಡನ್ನಿಗೆ ಕಳುಹಿಸಿದನು. ಅವನ ಪತ್ರಗಳು ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಲಯದ ಉಗ್ರಾಣದಲ್ಲಿ ಶತಮಾನಗಳ ಕಾಲ ಉಳಿದುದರಿಂದ ಈ ಸಂಗತಿಗಳು ನಮಗೆ ತಿಳಿದಿವೆ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತನು ಪರ್ಷಿಯ ಮತ್ತು ಯೆಮನಿನ ವರ್ತಕರನ್ನು ಇಲ್ಲಿ ಕಂಡನು. ಬಂದರಿನ ಹಳೆಯ ಜುಮ್ಮಾ ಮಸೀದಿಯು ಇಸ್ಲಾಂ ಧರ್ಮದ ಮೊದಲ ಶತಮಾನದಷ್ಟು ಹಳೆಯದೆಂದು ಅಲ್ಲಿಯ ಪರಂಪರೆ ಹೇಳುತ್ತದೆ. ಊರಿನ ಮತ್ತೊಂದು ಕಡೆ, ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿ, ಆಳುಪ ದೊರೆ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಕ್ರೈಸ್ತರಾದ ನಾವು ಈ ಊರಿಗೆ ಬರುವ ಮೊದಲೇ ಈ ಊರು ಅತಿಥಿಗಳನ್ನು ಬರಮಾಡಿಕೊಳ್ಳುವುದನ್ನು ಕಲಿತಿತ್ತು.

ಬಂದರಿನಿಂದ ಸ್ವಲ್ಪ ದೂರದಲ್ಲಿಯೇ ಜಪಮಾಲೆಯ ಮಾತೆಯ ಪ್ರಧಾನಾಲಯ, ಜನರ ಬಾಯಲ್ಲಿ ರೊಜಾರಿಯೊ. ಪೋರ್ಚುಗೀಸರ ಕಾಲದಲ್ಲಿ, 1568ರಲ್ಲಿ ಸ್ಥಾಪನೆಯಾದ ಧರ್ಮಕೇಂದ್ರವಿದು. ಈಗಿನ ಗುಮ್ಮಟವಿರುವ ಕಟ್ಟಡ ಇಪ್ಪತ್ತನೆಯ ಶತಮಾನದ್ದು. ಅಲ್ಲಿಂದ ಹಂಪನಕಟ್ಟೆಯ ಕಡೆಗೆ ಏರಿದರೆ ಮಿಲಾಗ್ರಿಸ್ ಚರ್ಚು ಸಿಗುತ್ತದೆ. ಗೋವೆಯಿಂದ ಬಂದ ಧರ್ಮಾಧ್ಯಕ್ಷ ಥಾಮಸ್ ಡಿ ಕ್ಯಾಸ್ಟ್ರೊ 1680ರಲ್ಲಿ ಇದನ್ನು ಕಟ್ಟಿಸಿದರು. ಆಗ ಈ ಸೀಮೆಯನ್ನು ಆಳುತ್ತಿದ್ದವಳು ಕೆಳದಿಯ ರಾಣಿ ಚೆನ್ನಮ್ಮ. ಶಿವಭಕ್ತೆಯಾದ ಆ ರಾಣಿಯ ರಾಜ್ಯದಲ್ಲಿ ಕ್ರೈಸ್ತರಿಗೆ ದೇವಾಲಯ ಕಟ್ಟಲು ನೆಲ ದೊರೆಯಿತೆಂಬುದನ್ನು ಮರೆಯಬೇಡಿ.

ಮಿಲಾಗ್ರಿಸ್ ಅಂಗಳದಲ್ಲಿ ಒಂದು ಕ್ಷಣ ನಿಲ್ಲಿ. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಜಿಲ್ಲೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಅವರು ಇಂಗ್ಲಿಷರಿಗೆ ನೆರವಾದರೆಂಬುದು ಸುಲ್ತಾನನ ಆರೋಪವಾಗಿತ್ತು. ಈ ದೇವಾಲಯವೂ ಸೇರಿದಂತೆ ಅನೇಕ ಚರ್ಚುಗಳು ನೆಲಸಮವಾದವು. ಘಟ್ಟದ ದಾರಿಯಲ್ಲಿ ಮುದುಕರು, ಮಕ್ಕಳು, ಬಸುರಿಯರು ನಡೆದರು. ಅನೇಕರು ದಾರಿಯಲ್ಲಿಯೇ ಮಡಿದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಉಳಿದವರು ಹಿಂದಿರುಗಿದರು. ಹದಿನೈದು ವರುಷಗಳ ಬಳಿಕ ಬಂದವರಿಗೆ ಮನೆಯಿರಲಿಲ್ಲ, ಹೊಲವಿರಲಿಲ್ಲ, ಪ್ರಾರ್ಥಿಸಲು ಸೂರಿರಲಿಲ್ಲ. ಆದರೂ ಅವರು ಬಂದರು. ಅದೇ ನೆರೆಹೊರೆಯವರ ನಡುವೆ, ಅದೇ ಮಣ್ಣಿನಲ್ಲಿ, ಮತ್ತೆ ಉತ್ತರು, ಮತ್ತೆ ಕಟ್ಟಿದರು. ಇಂದು ನೀವು ಕಾಣುವ ಮಿಲಾಗ್ರಿಸ್ ಕಟ್ಟಡ 1911ರದು. ಅದರ ಅಡಿಗಲ್ಲು ಆ ಹಿಂದಿರುಗಿದವರ ಛಲವೆಂದೇ ಹೇಳಬೇಕು. ಈ ನೋವನ್ನು ನೆನೆಯುವುದು ಯಾರ ಮೇಲೂ ಹಗೆ ಸಾಧಿಸುವುದಕ್ಕಲ್ಲ. ಕಳೆದುಕೊಂಡವರು ಮತ್ತೆ ಕಟ್ಟಬಲ್ಲರೆಂಬುದನ್ನು ನಮ್ಮ ಮಕ್ಕಳು ತಿಳಿಯಲೆಂದು.

ಈಗ ತಲೆಯೆತ್ತಿ ಸುತ್ತಲಿನ ಹಳೆಯ ಮನೆಗಳ ಮಾಡುಗಳನ್ನು ನೋಡಿ. ಮಂಗಳೂರು ಹಂಚು! ಬಾಸೆಲ್ ಮಿಶನ್ನಿನವರು 1834ರಲ್ಲಿ ಈ ಊರಿಗೆ ಬಂದರು. ಪ್ರಾಟೆಸ್ಟಂಟ್ ಸಭೆಗೆ ಸೇರಿದ ಈ ಜರ್ಮನ್ ಮತ್ತು ಸ್ವಿಸ್ ಸಹೋದರರು ಕ್ರಿಸ್ತರನ್ನು ಸಾರಿದುದರೊಡನೆ ಶಾಲೆ, ಮಗ್ಗ, ಮುದ್ರಣಾಲಯಗಳನ್ನು ತೆರೆದರು. ಹೊಸ ಧರ್ಮವನ್ನು ಅಪ್ಪಿಕೊಂಡ ಕಾರಣ ಕುಲದಿಂದ ಹೊರಗಾಗಿ ಕಸುಬು ಕಳೆದುಕೊಂಡವರಿಗೆ ದುಡಿಮೆ ಒದಗಿಸುವುದು ಅವರ ಮುಂದಿದ್ದ ದೊಡ್ಡ ಪ್ರಶ್ನೆಯಾಗಿತ್ತು. ಜಾರ್ಜ್ ಪ್ಲೆಬ್ಸ್ಟ್ ಎಂಬವರು ನದಿ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮೂರು ವರುಷಗಳಲ್ಲಿ, 1868ರಲ್ಲಿ, ಇಲ್ಲಿಯ ಕಥೋಲಿಕರದೇ ಆದ ಆಲ್ಬುಕರ್ಕ್ ಕಾರ್ಖಾನೆಯೂ ಎದ್ದಿತು. ಮಣ್ಣನ್ನು ನಾದಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಟ್ಟು ತೆಗೆದ ಈ ಕೆಂಪು ಹಂಚುಗಳು ಹಡಗನ್ನೇರಿ ಬರ್ಮಾ, ಸಿಂಹಳ, ಪೂರ್ವ ಆಫ್ರಿಕದವರೆಗೆ ಹೋದವು.

ಒಂದು ಹಂಚನ್ನು ಕೈಯಲ್ಲಿ ಹಿಡಿದು ಮಕ್ಕಳಿಗೆ ತೋರಿಸಿ. ಅದರ ಅಂಚಿನಲ್ಲಿ ಏಣುಗಳೂ ಗಾಡಿಗಳೂ ಇವೆ; ಒಂದರ ಏಣು ಮತ್ತೊಂದರ ಗಾಡಿಯೊಳಗೆ ಕುಳಿತುಕೊಳ್ಳುತ್ತದೆ. ಆದುದರಿಂದಲೇ ಜೂನ್ ತಿಂಗಳಿನಿಂದ ಬಿಡದೆ ಸುರಿಯುವ ಮಳೆ ಒಳಗಿಳಿಯುವುದಿಲ್ಲ. ಸಂದುಗಳಲ್ಲಿ ಗಾಳಿ ಮಾತ್ರ ಆಡುತ್ತದೆ. ಒಂದು ಹಂಚು ಒಡೆದರೆ ಮಾಡನ್ನು ಕೆಡವಬೇಕಾಗಿಲ್ಲ, ಆ ಒಂದನ್ನೇ ಬದಲಿಸಿದರೆ ಸಾಕು. ಅಲ್ಲಲ್ಲಿ ಗಾಜಿನ ಹಂಚನ್ನಿಟ್ಟರೆ ಅಡಿಗೆಮನೆಗೆ ಹಗಲಿನ ಬೆಳಕು. ಹಂಚಿನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ನಿಮ್ಮೂರಿನ ಹಳೆಯ ಪ್ರಾರ್ಥನಾಲಯದ ಅಥವಾ ಶಾಲೆಯ ಹಂಚನ್ನು ಒಮ್ಮೆ ತಿರುಗಿಸಿ ಓದಿ. ನೇತ್ರಾವತಿಯ ದಂಡೆಯ ಮಣ್ಣು ನಿಮ್ಮ ತಲೆಯ ಮೇಲೂ ಇದ್ದೀತು.

ಮಣ್ಣಿನಂತೆಯೇ ಮಸಿಯೂ ಈ ಊರಿನ ಕಾಣಿಕೆ. ಬಲ್ಮಠದ ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿ ಆರಂಭವಾಯಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅದು ಕನ್ನಡದ ಮೊದಲ ಪತ್ರಿಕೆ. ಆದುದರಿಂದಲೇ ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನ. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಸುಮಾರು ಎಪ್ಪತ್ತು ಸಾವಿರ ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ರಚಿಸಿದರು. 1894ರಲ್ಲಿ ಅದೂ ಇಲ್ಲಿಯೇ ಮುದ್ರಣವಾಯಿತು. ನಮ್ಮ ಈ ಮಾಸಪತ್ರಿಕೆಯನ್ನು ಕೈಯಲ್ಲಿ ಹಿಡಿದಿರುವ ನೀವೂ ಆ ಸಾಲದಲ್ಲಿ ಪಾಲುದಾರರು. ಇನ್ನೊಂದು ಸಭೆಯವರ ದುಡಿಮೆಯನ್ನು ಕೊಂಡಾಡುವುದು ನಮ್ಮ ಕಥೋಲಿಕ ವಿಶ್ವಾಸಕ್ಕೆ ಕುಂದಲ್ಲ, ಶೋಭೆ.

ಇನ್ನು ಬಾವುಟಗುಡ್ಡೆಯನ್ನು ಹತ್ತೋಣ. 1878ರ ಡಿಸೆಂಬರ್ 31ರಂದು ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅದರ ಪ್ರಾರ್ಥನಾಲಯದ ಗೋಡೆಗಳಲ್ಲಿಯೂ ಮೇಲ್ಛಾವಣಿಯಲ್ಲಿಯೂ ಚಿತ್ರ ಬರೆದವರು ಇಟಲಿಯ ಬೆರ್ಗಾಮೊ ಸೀಮೆಯ ಸಹೋದರ ಅಂತೋನಿಯೊ ಮೊಸ್ಕೇನಿ. 1899ರಿಂದ 1901ರವರೆಗೆ ಈ ಕೆಲಸ ನಡೆಯಿತು. ಗೋಡೆಯ ಚಿತ್ರಗಳನ್ನು ಬರೆಯುವ ವಿಧಾನ ಕಠಿಣವಾದುದು. ಹಸಿ ಗಾರೆಯ ಮೇಲೆ, ಅದು ಒಣಗುವ ಮೊದಲೇ, ಬಣ್ಣ ಹಚ್ಚಿ ಮುಗಿಸಬೇಕು. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆ ಬಳಿಕ ತಿದ್ದುವುದು ಕಷ್ಟ. ಒಂದು ದಿನಕ್ಕೆ ಎಷ್ಟು ಬರೆಯಬಲ್ಲೆನೋ ಅಷ್ಟೇ ಗಾರೆ ಮೆತ್ತಬೇಕು. ಕಡಲ ತೇವದ ಈ ಹವೆಯಲ್ಲಿ, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಆ ಸಹೋದರರು ದಿನದ ಪಾಲನ್ನು ದಿನವೇ ಮುಗಿಸುತ್ತಾ ಹೋದರು. 1905ರಲ್ಲಿ ಕೊಚ್ಚಿಯಲ್ಲಿ ಚಿತ್ರ ಬರೆಯುತ್ತಿದ್ದಾಗಲೇ ಅವರು ತೀರಿಕೊಂಡರು, ತಾಯ್ನಾಡಿಗೆ ಮರಳಲಿಲ್ಲ. ಒಳಗೆ ಹೋದಾಗ ಮೊಬೈಲನ್ನು ಜೇಬಿನಲ್ಲಿಟ್ಟು ಬೆಂಚಿನ ಮೇಲೆ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಣ್ಣು ತಾನಾಗಿ ಮೇಲೇರುತ್ತದೆ, ಪ್ರಾರ್ಥನೆಯೂ.

ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜರ್ಮನ್ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಗಳನ್ನು ಬಡವರಿಗೆ ಕೊಡಲಾರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನೂ, ಪ್ಲೇಗು ಬಂದಾಗ 1902ರಲ್ಲಿ ಪ್ಲೇಗಿನ ಆಸ್ಪತ್ರೆಯನ್ನೂ ತೆರೆದರು. ಕಂಕನಾಡಿಯ ದೊಡ್ಡ ಆಸ್ಪತ್ರೆಯ ಬೇರು ಆ ಔಷಧದ ಪೆಟ್ಟಿಗೆಯಲ್ಲಿದೆ. ಜೆಪ್ಪುವಿನಲ್ಲಿ 1879ರಲ್ಲಿ ಆರಂಭವಾದ ಸಂತ ಜೋಸೆಫರ ಗುರುಮಠವಿದೆ; ಕರ್ನಾಟಕದ ಅನೇಕ ಗುರುಗಳು ಅಲ್ಲಿಯೇ ಕಲಿತವರು. ಹತ್ತಿರದ ಕಾರ್ಯಾಗಾರದಲ್ಲಿ ಕೆತ್ತಿದ ಸ್ವರೂಪಗಳು, ಪೀಠಗಳು ದೂರದೂರದ ಚರ್ಚುಗಳಿಗೆ ಹೋಗಿವೆ. ನೀವು ಪ್ರತಿ ಭಾನುವಾರ ಮೇಣದಬತ್ತಿ ಹಚ್ಚುವ ಮಾತೆಯ ಸ್ವರೂಪವೂ ಜೆಪ್ಪುವಿನದೇ ಇರಬಹುದು; ನಿಮ್ಮ ಧರ್ಮಕೇಂದ್ರದ ಹಿರಿಯರನ್ನು ಕೇಳಿ ನೋಡಿ.

ನಡೆದು ಹಸಿವಾಗಿರಬೇಕು. ಊಟದ ಎಲೆಯೂ ಚರಿತ್ರೆಯ ಪುಟವೇ. ನೀರುದೋಸೆ, ಕೋರಿರೊಟ್ಟಿ, ಕೆಸುವಿನ ಎಲೆಯ ಪತ್ರೊಡೆ, ಹುದುಗು ಬಂದ ಮೆತ್ತನೆಯ ಸನ್ನ, ಹಂದಿ ಮಾಂಸದ ಬಫಾತ್. ಇವುಗಳಿಗೆ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿ ಪೋರ್ಚುಗೀಸರೊಡನೆ ಬಂದುದು. ಈಗ ಕರಾವಳಿಯದೇ ಎನಿಸುವ ಗೇರುಬೀಜವೂ ಹಾಗೆಯೇ. ಪಪ್ಪಾಯಿಯನ್ನು ಘಟ್ಟದ ಮೇಲಿನ ನಾವು ಇಂದಿಗೂ ಪರಂಗಿ ಹಣ್ಣು ಎನ್ನುವುದಿಲ್ಲವೇ? ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನ ಜನನೋತ್ಸವಕ್ಕೆ ಇಲ್ಲಿ ಮೊಂತಿ ಹಬ್ಬವೆಂದು ಹೆಸರು. ಮಕ್ಕಳು ಬುಟ್ಟಿ ತುಂಬ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಗುರುಗಳು ಹೊಸ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ಮನೆಮಂದಿಯೆಲ್ಲ ಕುಳಿತು ಹೊಸ ಅಕ್ಕಿಯನ್ನು ಸೇವಿಸಿ ಸಸ್ಯಾಹಾರದ ಊಟ ಮಾಡುತ್ತಾರೆ. ತುಳುನಾಡಿನ ಹಿಂದೂ ಮನೆಗಳಲ್ಲಿಯೂ ತೆನೆ ತಂದು ಕಟ್ಟುವ, ಹೊಸ ಅಕ್ಕಿ ಉಣ್ಣುವ ಸಂಪ್ರದಾಯವಿದೆ. ಒಂದೇ ಗದ್ದೆಯ ತೆನೆ ಎರಡು ಅಂಗಳಗಳಲ್ಲಿ ದೇವರಿಗೆ ಕೃತಜ್ಞತೆಯಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಈ ಊರು ಸ್ವರ್ಗವೆಂದು ಭಾವಿಸಬೇಡಿ. 2008ರ ಸೆಪ್ಟೆಂಬರ್ 14ರ ಭಾನುವಾರ ಇಲ್ಲಿ ಕ್ರೈಸ್ತರ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ಮಿಲಾಗ್ರಿಸ್ ಬಳಿಯ ಆರಾಧನಾ ಮಠದಲ್ಲಿ ಪರಮಪ್ರಸಾದಕ್ಕೇ ಅವಮಾನವಾಯಿತು. ಧರ್ಮದ ಹೆಸರಿನ ಸಂಶಯ ಆ ಬಳಿಕವೂ ಮತ್ತೆ ಮತ್ತೆ ತಲೆಯೆತ್ತಿದೆ. ಇನ್ನೊಂದು ನಷ್ಟ ಸದ್ದಿಲ್ಲದೆ ನಡೆಯುತ್ತಿದೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಚಾವಡಿಯಿದ್ದ, ಹಲಸಿನ ಮರವಿದ್ದ ಮನೆಗಳು ಕೆಡವಲ್ಪಟ್ಟು ಅಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಕುಟುಂಬಗಳು ಬೆಳೆಯುತ್ತವೆ, ಮಕ್ಕಳು ಪರದೇಶಕ್ಕೆ ಹೋಗುತ್ತಾರೆ, ಹಳೆಯ ಮನೆಯ ದುರಸ್ತಿಗೆ ಹಣವಾಗಲಿ ಕೈಯಾಗಲಿ ಇರುವುದಿಲ್ಲ, ಯಾರನ್ನು ದೂರೋಣ? ಆದರೆ ನಮ್ಮ ಧರ್ಮಕೇಂದ್ರಗಳಲ್ಲಿಯೂ ಹಳೆಯದೆಲ್ಲ ಕೊಳೆಯೆಂದು ಬಗೆದು, ಗಟ್ಟಿಮುಟ್ಟಾದ ಪ್ರಾರ್ಥನಾಲಯವನ್ನು ಉರುಳಿಸುವ ಆತುರ ಕಾಣುತ್ತದೆ. ಪಾಲನಾ ಸಮಿತಿಯವರು ತೀರ್ಮಾನಿಸುವ ಮೊದಲು ಒಂದು ಮಾತು ಕೇಳಲಿ: ಇದು ದುರಸ್ತಿಯಾಗದೇ? ಆಗದಿದ್ದರೆ, ಅದರ ಚಿತ್ರಗಳನ್ನು ತೆಗೆದಿರಿಸಿ, ಜ್ಞಾನಸ್ನಾನದ ಹಳೆಯ ದಾಖಲೆಗಳನ್ನು ಜೋಪಾನ ಮಾಡಿ, ಹಿರಿಯರ ನೆನಪುಗಳನ್ನು ಬರೆದಿಡಿ. ಕಟ್ಟಡ ಹೋದರೂ ಕಟ್ಟಿದವರು ಉಳಿಯಲಿ.

ಬಾಬಿಲೋನಿಗೆ ಸೆರೆಯಾಗಿ ಹೋದ ಜನರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ನಿಮಗೆ ನೆನಪಿರಬಹುದು. ಪರನಾಡಾದರೂ ಅಲ್ಲಿ ಮನೆ ಕಟ್ಟಿರಿ, ತೋಟ ಮಾಡಿರಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು ಅದರ ತಾತ್ಪರ್ಯ. ಪ್ಲೆಬ್ಸ್ಟ್, ಕಿಟೆಲ್, ಮೊಸ್ಕೇನಿ, ಮುಲ್ಲರ್ ಎಲ್ಲರೂ ಪರವೂರಿನವರು. ತಮ್ಮದಲ್ಲದ ಊರಿನ ಕ್ಷೇಮಕ್ಕಾಗಿ ದುಡಿದರು. ಶ್ರೀರಂಗಪಟ್ಟಣದಿಂದ ಬರಿಗೈಯಲ್ಲಿ ಬಂದವರು ತಮ್ಮನ್ನು ಕಳೆದುಕೊಂಡ ಊರನ್ನೇ ಮತ್ತೆ ಪ್ರೀತಿಸಿದರು. ಮಂಗಳೂರಿನ ಸೊಬಗೆಂದು ನಾವು ಸವಿಯುವುದು ಈ ಎರಡು ಬಗೆಯ ಪ್ರೀತಿಯ ಫಲವನ್ನೇ. ಸಂಜೆ ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ದೋಣಿ ಹತ್ತಿ ತಣ್ಣೀರುಬಾವಿಯ ದಡಕ್ಕೆ ದಾಟಿ, ಮುಳುಗುವ ಸೂರ್ಯನನ್ನು ನೋಡುತ್ತಾ ಕುಳಿತಾಗ ಮಕ್ಕಳಿಗೆ ಈ ಹೆಸರುಗಳಲ್ಲಿ ಒಂದೆರಡನ್ನಾದರೂ ಹೇಳಿ. ನಿಮ್ಮ ಊರಿಗೆ ಮರಳಿದ ಮೇಲೆ, ಅಲ್ಲಿಯ ಹಳೆಯ ಮಾಡುಗಳನ್ನೂ ಅದೇ ಕಣ್ಣಿನಿಂದ ನೋಡಿ.