ದೊರೆಸಾನಿಯ ಮಕ್ಕಳು

ನಮ್ಮ ಅಜ್ಜಿಯ ಹೊಲಿಗೆ ಪೆಟ್ಟಿಗೆಯಲ್ಲಿ ಒಂದು ಬಟ್ಟೆಯ ತುಂಡಿತ್ತು. ಕೆಂಪು ನೂಲಿನಲ್ಲಿ ಅ ಆ ಇ ಈ ಹೊಲಿದ ತುಂಡು. ಸ್ವರಗಳು ಮುಗಿದು ‘ಕ’ ಬರುವಷ್ಟರಲ್ಲಿ ನೂಲು ನಿಂತಿತ್ತು. “ಯಾಕಜ್ಜಿ ಮುಗಿಸಲಿಲ್ಲ?” ಎಂದು ಕೇಳಿದರೆ, “ಅಪ್ಪಯ್ಯ ಶಾಲೆ ಬಿಡಿಸಿದರು ಮಗಾ” ಎನ್ನುತ್ತಿದ್ದರು.

ಅದು 1913ರ ಸುಮಾರಿನ ಮಾತು. ಅಜ್ಜಿ ಮಂಗಳೂರಿನಲ್ಲಿ ಮಿಶನ್ ಶಾಲೆಗೆ ಹೋಗುತ್ತಿದ್ದರು. ಒಂದು ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿನಲ್ಲಿ ಭಜನೆಯ ಬದಲು ಶಾಲೆಯ ಪ್ರಾರ್ಥನೆಯ ಹಾಡು ಬಾಯಿಗೆ ಬಂತಂತೆ. ಮುತ್ತಜ್ಜ ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನ ಬೆಳಗ್ಗೆ “ಇನ್ನು ಶಾಲೆ ಸಾಕು” ಎಂದರು, ಅಷ್ಟೇ. ಅಜ್ಜಿಗೆ ಕೊನೆಯವರೆಗೂ ಆ ಶಾಲೆಯ ನೆನಪು. ಹೊಲಿಗೆ ಕಲಿಸುತ್ತಿದ್ದ ಜರ್ಮನ್ ದೊರೆಸಾನಿಯ ಬಗ್ಗೆ ಒಂದು ಮಾತನ್ನು ನೂರು ಸಲ ಹೇಳಿರಬೇಕು: “ಸೀಮೆಯ ಟಪಾಲು ಬಂದ ದಿನ ನಮಗೆ ಹೊಲಿಗೆ ಪಾಠ ಇಲ್ಲ.” ಮಕ್ಕಳಿಗೆ ಅದೊಂದು ರಜೆ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ.

ಬಾಸೆಲ್ ಮಿಶನ್ನಿನ ಕತೆ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. 1894ರಲ್ಲಿ ಕಿಟೆಲ್ಲರ ನಿಘಂಟು ಬಂತು, ಸುಮಾರು 70,000 ಶಬ್ದಗಳದ್ದು. ಪಾಠಪುಸ್ತಕದಲ್ಲಿ ಎಲ್ಲ ಗಂಡಸರ ಹೆಸರೇ. ಕಿಟೆಲ್ 1853ರಲ್ಲಿ ಈ ದೇಶಕ್ಕೆ ಬಂದಾಗ ಇಪ್ಪತ್ತೊಂದರ ಹುಡುಗ. ಇಂಥ ಹುಡುಗರ ಮನೆಯೊಳಗಿನ ದಿನಗಳು ಹೇಗಿದ್ದವು, ಅನ್ನ ಬೇಯಿಸಿ ಜ್ವರಕ್ಕೆ ಕಷಾಯ ಕೊಟ್ಟವರು ಯಾರು ಎಂಬುದು ನಮ್ಮಂಥ ಹೆಂಗಸರಿಗಲ್ಲದೆ ಬೇರೆ ಯಾರಿಗೆ ಹೊಳೆಯಬೇಕು?

ಅವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತರ, ಕಸುಬುದಾರರ ಮಕ್ಕಳು. ಬೆಳಗ್ಗೆ ಎದ್ದು ಪ್ರಾರ್ಥನೆ, ಮುನ್ಷಿಯೊಂದಿಗೆ ಭಾಷೆಯ ಪಾಠ, ಆಮೇಲೆ ಶಾಲೆ. ಪೇಟೆಯಲ್ಲಿ, ಜಾತ್ರೆಯಲ್ಲಿ ಉಪದೇಶ. ಕೇಳುವವರು ಕೆಲವರು, ನಗುವವರು ಹಲವರು. ಮದುವೆಗೂ ಮಿಶನ್ನಿನ ಕಟ್ಟಳೆ ಇತ್ತು. ಒಂಟಿಯಾಗಿ ಬಂದು, ಎರಡು ವರ್ಷ ದುಡಿದು ತೋರಿಸಿದ ಮೇಲೆ ಬಾಸೆಲಿನ ಸಮಿತಿಗೆ ಅರ್ಜಿ ಹಾಕಬೇಕು. ಸಮಿತಿ ಒಪ್ಪಬೇಕು, ಎಷ್ಟೋ ಸಲ ಹೆಣ್ಣನ್ನೂ ಅಲ್ಲಿಯವರೇ ಹುಡುಕಬೇಕು. ಹಾಗೆ ಗೊತ್ತಾದ ಹುಡುಗಿ ಮುಖ ನೋಡದ ಗಂಡನಿಗಾಗಿ ಹಡಗು ಹತ್ತುತ್ತಿದ್ದಳು. ಇಳಿದ ಮೇಲೆ ಮೊದಲ ಭೇಟಿ, ಕೆಲವೇ ದಿನಗಳಲ್ಲಿ ಮದುವೆ. ಮುಖ ನೋಡದೆ ಮಾಲೆ ಹಾಕುವುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ!

ಬಂದವಳಿಗೆ ಬೇಸಗೆಯ ಸೆಕೆ, ಬೂಷ್ಟು ಹಿಡಿಸುವ ಮಳೆಗಾಲ, ಬಾರದ ಭಾಷೆ. ಹೆಣ್ಣುಮಕ್ಕಳ ಶಾಲೆ, ಹೊಲಿಗೆ, ರೋಗಿಗಳ ಆರೈಕೆ ಎಲ್ಲ ಅವಳ ತಲೆಗೇ. ಕಾಗದಪತ್ರದಲ್ಲಿ ಮಾತ್ರ ಅವಳು ‘ಮಿಶನರಿಯ ಹೆಂಡತಿ’. ಕಿಟೆಲ್ಲರ ಹೆಂಡತಿ ಪೌಲಿನಾ 1860ರಲ್ಲಿ ಮದುವೆಯಾಗಿ 1864ರಲ್ಲಿ ತೀರಿಕೊಂಡರು. 1867ರಲ್ಲಿ ಕಿಟೆಲ್ ಮದುವೆಯಾದದ್ದು ಆಕೆಯ ಒಡಹುಟ್ಟಿದ ಯೂಲಿಯನ್ನು. ಅಕ್ಕತಂಗಿಯರಲ್ಲಿ ಒಬ್ಬಳು ತೀರಿಕೊಂಡ ಮನೆಗೆ ಇನ್ನೊಬ್ಬಳು ಸಮುದ್ರ ದಾಟಿ ಬರಬೇಕಾದರೆ ಎದೆ ಎಷ್ಟು ಗಟ್ಟಿ ಇರಬೇಕು!

ಇದೆಲ್ಲವನ್ನೂ ತಾಳಿಕೊಳ್ಳಬಹುದು. ತಾಳಲಾರದ್ದು ಮತ್ತೊಂದಿತ್ತು. ಇಲ್ಲಿ ಹುಟ್ಟಿದ ಮಕ್ಕಳನ್ನು ಆರೇಳು ವರ್ಷವಾಗುತ್ತಲೇ ಯುರೋಪಿಗೆ ಕಳುಹಿಸಬೇಕು. ಅದಕ್ಕೆಂದೇ 1853ರಲ್ಲಿ ಬಾಸೆಲಿನಲ್ಲಿ ಮಕ್ಕಳ ಮನೆ ಶುರುವಾಯಿತು. ಹವೆ ಒಗ್ಗದು, ಶಿಕ್ಷಣವಿಲ್ಲ ಎಂಬ ಕಾರಣಗಳಿದ್ದವು. ಅವುಗಳ ಹಿಂದೆ ಇನ್ನೂ ಒಂದು ಹೆದರಿಕೆ: ಆಯಾಗಳ ಮಡಿಲಲ್ಲಿ ಬೆಳೆದು, ಅವರ ಮಾತು, ಅವರ ನಡತೆ, ಅವರ ದೇವರನ್ನು ಮಗು ಎಲ್ಲಿ ತನ್ನದಾಗಿಸಿಕೊಂಡೀತೋ!

ಮಕ್ಕಳ ಮನೆ ಶುರುವಾಗುವ ಮೊದಲೂ ಈ ಅಗಲಿಕೆ ಇತ್ತು. ನೆರೆಯ ತಲಚೇರಿಯಲ್ಲಿದ್ದ ಗುಂಡರ್ಟ್ ಮಲಯಾಳಕ್ಕೆ ನಿಘಂಟು ಮಾಡಿದವರು. ಅವರ ಹೆಂಡತಿ ಯೂಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು. ಅವರ ಮಗಳು ಮರಿಯಾ ತಲಚೇರಿಯಲ್ಲೇ 1842ರಲ್ಲಿ ಹುಟ್ಟಿದಳು. ಎಳೆಯ ವಯಸ್ಸಿನಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಕೆಲಸಕ್ಕೆ ಮರಳಿದರು. ಅವಳು ಮತ್ತೆ ಅವರ ಬಳಿಗೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ‘ಸಿದ್ಧಾರ್ಥ’ ಕಾದಂಬರಿ ಬರೆದ ಹರ್ಮನ್ ಹೆಸ್ಸೆ ಈ ಮರಿಯಾಳ ಮಗ. ಊರವರ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ತಾಯಿ ತನ್ನ ಮಗಳನ್ನು ಮಾತ್ರ ಕಾಗದದಲ್ಲೇ ಸಾಕಬೇಕಾಯಿತು.

ನನ್ನ ಮಗಳನ್ನು ಹತ್ತನೆಯ ವಯಸ್ಸಿಗೆ ಹಾಸ್ಟೆಲಿಗೆ ಸೇರಿಸಿದ್ದೆ. ಬರೀ ಎರಡು ಗಂಟೆಯ ಬಸ್ಸಿನ ದಾರಿ. ಆದರೂ ಮೊದಲ ವಾರ ಊಟಕ್ಕೆ ಮೂರು ತಟ್ಟೆ ಇಟ್ಟು ಒಂದನ್ನು ತೆಗೆದಿಡುತ್ತಿದ್ದೆ. ಸೂಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ. ಅದಕ್ಕೂ ಮುಂಚೆ ಹಡಗು ಹತ್ತಿಸಿದ ತಾಯಂದಿರು ಎಷ್ಟು ತಟ್ಟೆ ತೆಗೆದಿಟ್ಟರೋ!

ಈಗ ನನಗೆ ಮುತ್ತಜ್ಜನ ಮೇಲೆ ಸಿಟ್ಟು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅವರ ಹೆದರಿಕೆಗೆ ಕಾರಣವಿತ್ತು. ಮಿಶನರಿಗಳು ಬಂದದ್ದೇ ಮತ ಬದಲಿಸಲು, ಅದನ್ನು ಅವರು ಮುಚ್ಚಿಟ್ಟಿರಲಿಲ್ಲ. ಆದರೆ ನಮ್ಮ ಮಗು ಅವರದಾದೀತೆಂದು ನಾವು ಶಾಲೆ ಬಿಡಿಸುತ್ತಿದ್ದಾಗಲೇ, ತಮ್ಮ ಮಗು ನಮ್ಮದಾದೀತೆಂದು ಅವರು ಹಡಗು ಹತ್ತಿಸುತ್ತಿದ್ದರು. ಗಂಡಸರು ದೀಪದ ಬೆಳಕಿನಲ್ಲಿ ಪ್ರೀತಿಯಿಂದ ಒಂದೊಂದೇ ಕೂಡಿಟ್ಟ ಮಾತು, ಸ್ವಂತ ಮಗುವಿನ ನಾಲಗೆಯ ಮೇಲೆ ಬಂದರೆ ಭಯ! ಎರಡು ಮನೆಯಲ್ಲೂ ಹೆದರಿಕೆ ಒಂದೇ, ಎರಡು ಮನೆಯಲ್ಲೂ ಬೆಲೆ ತೆತ್ತವರು ತಾಯಿ ಮಕ್ಕಳೇ.

1914ರಲ್ಲಿ ಯುದ್ಧ ಶುರುವಾಯಿತು. ಜರ್ಮನರೆಲ್ಲ ಶತ್ರುಗಳೆಂದಾಗಿ ಮಿಶನರಿಗಳು ಸೆರೆಯಾದರು, ಆಮೇಲೆ ದೇಶ ಬಿಟ್ಟರು. ಅಜ್ಜಿಯ ದೊರೆಸಾನಿ ಏನಾದರೆಂದು ಅಜ್ಜಿಗೆ ತಿಳಿಯಲಿಲ್ಲ. ಒಮ್ಮೆ ಮಾತ್ರ ಹೇಳಿದ್ದರು: “ಮೇಜಿನ ಮೇಲೆ ಎರಡು ಮಕ್ಕಳ ಪಟ ಇತ್ತು ಮಗಾ. ಟಪಾಲು ಬಂದ ದಿನ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು.”

ಆ ಬಟ್ಟೆಯ ತುಂಡು ಈಗ ನನ್ನ ಬಳಿ ಇದೆ. ‘ಕ’ದಿಂದ ಮುಂದಕ್ಕೆ ಹೊಲಿದು ಮುಗಿಸೋಣವೆಂದು ಒಂದೆರಡು ಸಲ ಸೂಜಿಗೆ ನೂಲು ಪೋಣಿಸಿದ್ದೆ. ಕೈ ಬರಲಿಲ್ಲ. ಹಾಗೆಯೇ ಮಡಚಿಟ್ಟಿದ್ದೇನೆ.